ಮಡ್ಡಿಬನದ ಶ್ರಮದಾನ

ಊರಿನ ಓಣಿಗಳಲ್ಲಿ "ಬರಬೇಕು" ಎಂದು ಸಾರಲು ಹೇಳಿದ್ದರು. ಕೇರಿಯಲ್ಲಿ "ಬರಲೇಬೇಕು" ಎಂದು ಸಾರಲು ಹೇಳಿದ್ದರು. ಎರಡನ್ನೂ ಸಾರಿದವನು ಭರಮುನೇ.

ಎಂಬತ್ತೊಂಬತ್ತನೆಯ ಇಸವಿಯ ಡಿಸೆಂಬರ್. ಚಳಿಗೆ ಹಲಗೆಯ ಚರ್ಮ ಸಡಿಲಾಗಿತ್ತು. ಭರಮು ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಹಚ್ಚಿ, ಹಲಗೆಯನ್ನು ಅದರ ಮುಂದೆ ಹಿಡಿದು ಬಿಗಿ ಮಾಡಿಕೊಂಡು, ಬೆಣಚಮಡ್ಡಿ ಊರೆಲ್ಲ ಸುತ್ತಿ ಬಂದು ಕೊನೆಗೆ ತನ್ನ ಮನೆಯ ಮುಂದೆಯೇ ನಿಂತು ಬಾರಿಸಿದ.

"ಕೇಳ್ರಪೋ ಕೇಳ್ರಿ! ನಾಳಿಂದ ಮಡ್ಡಿಬನದಾಗ ಶ್ರಮದಾನ ಐತಿ! ಕಾಲೇಜ ಹುಡುಗೂರು ಬಂದಾರ! ಕೇರ್ಯಾಗ ಮನಿಗೊಂದಾಳು ಗುದ್ದಲಿ ಬುಟ್ಟಿ ತಗೊಂಡು ಬರಲೇಬೇಕು!"

"ಬರದಿದ್ರ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶೇವಂತಾ.

ಭರಮು ಹಲಗೆ ಕೆಳಗಿಟ್ಟ. "ಬರದಿದ್ರ ರಾವಸಾಹೇಬ್ರ ಹೊಲದಾಗ ಕೆಲಸ ಇಲ್ಲ. ಇದನ್ನ ಬಾರಿಸಿ ಹೇಳಬ್ಯಾಡ, ಹಂಗ ಬಾಯಿಲೆ ಹೇಳು ಅಂದಾರ."

ರಾವಸಾಹೇಬನಿಗೆ ಕಾಲುವೆಯ ಕೆಳಗೆ ಕಬ್ಬಿತ್ತು, ರಸ್ತೆಯ ಬದಿಗೆ ದ್ರಾಕ್ಷಿ ಇತ್ತು. ಕೇರಿಯ ನಲವತ್ತು ಮನೆಗಳ ಒಲೆ ಉರಿಯುತ್ತಿದ್ದದ್ದು ಆ ಎರಡರ ಕೆಲಸದಿಂದ. ಹಿಂದಿನ ತಿಂಗಳು ಊರಿನವರು ಒಂದು ವನ ರಕ್ಷಣಾ ಸಮಿತಿ ಮಾಡಿಕೊಂಡಿದ್ದರು. ಅದಕ್ಕೂ ಅವನೇ ಅಧ್ಯಕ್ಷ.

ಶೇವಂತಾಳಿಗೆ ಬೆದರಿಕೆ ಬೇಕಿರಲಿಲ್ಲ. ಬನದ ಕೆಲಸ ಅಂದರೆ ಅವಳು ಹಾಗೆಯೇ ಹೋಗುತ್ತಿದ್ದಳು. "ಛಲೋ ಆತ ಬಿಡ್ರಿ" ಎಂದಳು ಗಂಡನಿಗೆ. "ಲಂಟಾನ ಬೆಳದು ಸಣ್ಣ ಗಿಡಾ ಮ್ಯಾಲೇಳಾಕ ಬಿಡವಲ್ದು. ನಾಲ್ಕ ಮಂದಿ ಕೈ ಹಚ್ಚಿದ್ರ ಹಸನಾಕೈತಿ."

ಸುತ್ತಲಿನ ಹತ್ತು ಊರುಗಳ ಮಡ್ಡಿಯ ಬರಡು ನೆಲದಲ್ಲಿ ಮರ ಅಂತ ಉಳಿದದ್ದು ಅದೊಂದೇ ಕಡೆ. ಮೂವತ್ತು ಎಕರೆ ಗರಸು ನೆಲ. ಬೇವು, ಕರಿಜಾಲಿ, ಬನ್ನಿ, ಸೀತಾಫಲ. ನಡುವೆ ಒಂದು ಸಣ್ಣ ಹಳ್ಳ. ಅದು ಯಾಕೆ ಉಳಿಯಿತು ಎಂದು ಊರಿನವರು ಯಾರೂ ಕೇಳಿರಲಿಲ್ಲ. ಕೇರಿಯವರಿಗೆ ಗೊತ್ತಿತ್ತು. ಕೇರಿಯ ಹೆಣಗಳನ್ನು ಹೂಳುತ್ತಿದ್ದದ್ದು ಅಲ್ಲಿ. ಹೂಳಲು ಬೇರೆ ಕಡೆ ಒಂದು ಮೊಳ ನೆಲವೂ ಅವರಿಗೆ ಇರಲಿಲ್ಲ. ಹೆಣದ ಮೇಲೆ ಬೆಳೆದ ಗಿಡಕ್ಕೆ ಅವರು ಕೊಡಲಿ ಹಾಕುತ್ತಿರಲಿಲ್ಲ. ಒಣಗಿ ಬಿದ್ದದ್ದನ್ನು ಮಾತ್ರ ಆರಿಸಿ ತರುತ್ತಿದ್ದರು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹಸಿ ಟೊಂಗೆ ಮುರಿದುಕೊಂಡು ಓಡುತ್ತಿದ್ದರು. ಎಪ್ಪತ್ತೆರಡರ ಬರದಲ್ಲಿ ಊರವರು ಗಾಣದ ಬೆಲ್ಲದ ಒಲೆಗೆಂದು ಮರ ಕಡಿಯಲು ಬಂದಾಗ ಶೇವಂತಾಳ ಅತ್ತೆ ಸುಂದ್ರವ್ವ ಒಂದು ಬೇವಿನ ಮರ ತಬ್ಬಿ ಹಿಡಿದು ನಿಂತಿದ್ದಳು. ಅಂದು ಬಿದ್ದ ಕೊಡಲಿಯ ಕಾವಿನ ಏಟಿಗೆ ಅವಳ ಎಡಗೈ ಇಂದಿಗೂ ಸೊಟ್ಟಗಿತ್ತು.

ನಾಲ್ಕು ವರ್ಷದ ಹಿಂದೆ ರಾವಸಾಹೇಬನ ಆಳುಗಳು ದ್ರಾಕ್ಷಿ ಚಪ್ಪರದ ಗೂಟಕ್ಕೆಂದು ಮೂವತ್ತು ಜಾಲಿ ಕಡಿದುಕೊಂಡು ಹೋದರು. ಕೇಳಲು ಹೋದ ಭರಮುವಿಗೆ ಅವನು ಹೇಳಿದ್ದ: "ಸರ್ಕಾರದ ಜಾಗಾ ಅದು. ನಿಮ್ಮಪ್ಪಂದಲ್ಲ." ಈಗ ಅದೇ ಮನುಷ್ಯ ಬನ ಉಳಿಸುವ ಸಮಿತಿಯ ಅಧ್ಯಕ್ಷ.

ಶೇವಂತಾಳ ಮಗಳು ರಮಾ ಮಲಗಿದ್ದೂ ಅಲ್ಲಿಯೇ. ಐದು ವರ್ಷದ ಕೂಸು. ಎಂಬತ್ತಾರರ ಮಳೆಗಾಲದಲ್ಲಿ ವಾಂತಿಭೇದಿ ಆಯಿತು. ಎರಡು ದಿನ. ಅಷ್ಟೇ. ಮೂರು ಮೊಳ ತಗ್ಗು ತೆಗೆದು ಹೂತರು. ತಲೆಯ ಕಡೆ ಇಡಲು ಕಲ್ಲು ಹುಡುಕಿದಾಗ ಶೇವಂತಾ ಮನೆಯಿಂದ ಒಡೆದ ಬೀಸುಕಲ್ಲಿನ ಅರ್ಧ ತುಂಡು ತಂದಿಟ್ಟಳು. ಪಕ್ಕದಲ್ಲಿ ಒಂದು ಬೇವಿನ ಸಸಿ ನೆಟ್ಟಳು. ಎರಡು ಬೇಸಿಗೆ ಹಳ್ಳದ ಒರತೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದಳು. ಸಸಿ ಅವಳ ಎದೆಯ ಮಟ್ಟಕ್ಕೆ ಬಂದಿತ್ತು.

ಹೀಗಾಗಿ ಮರುದಿನ ಬೆಳಿಗ್ಗೆ ಅವಳು ಗುದ್ದಲಿ ಹೊತ್ತು ಎಲ್ಲರಿಗಿಂತ ಮುಂದೆ ಹೋದಳು.

ಕಾಲೇಜಿನಿಂದ ಬಂದವರು ಅರವತ್ತು ಮಂದಿ. ಊರ ಶಾಲೆಯಲ್ಲಿ ಇಳಿದುಕೊಂಡಿದ್ದರು. ಹತ್ತು ದಿನದ ಚಳಿಗಾಲದ ಶಿಬಿರ. ತಲೆಗೆ ಬಿಳಿ ಟೋಪಿ, ಎದೆಗೆ "ಸ್ವಯಂಸೇವಕ" ಎಂಬ ಬಿಲ್ಲೆ. ಅವರನ್ನು ಕರೆತಂದ ಮುರಗೆಪ್ಪ ಸರ್ ಒಂದು ಬಂಡೆಯ ಮೇಲೆ ನಿಂತು ಮರಗಳ ಬಗ್ಗೆ, ಮಳೆಯ ಬಗ್ಗೆ, ಶ್ರಮದ ಘನತೆಯ ಬಗ್ಗೆ ಅರ್ಧ ತಾಸು ಮಾತನಾಡಿದರು. ಒಳ್ಳೆಯ ಮಾತುಗಳು. ಶೇವಂತಾ ತಲೆ ತೂಗಿ ಕೇಳಿದಳು. ಆಮೇಲೆ ಫೋಟೊ ತೆಗೆಯುವವನು ಬಂದ. ಹುಡುಗರ ಕೈಯಲ್ಲಿ ಇನ್ನೂ ಗುದ್ದಲಿ ಇರಲಿಲ್ಲ. ಕೇರಿಯವರ ಕೈಯಿಂದ ಗುದ್ದಲಿ ಬುಟ್ಟಿಗಳನ್ನು ಇಸಿದುಕೊಂಡು ಅವರಿಗೆ ಕೊಟ್ಟರು. ಕೇರಿಯವರನ್ನು ಬದಿಗೆ ಸರಿಯಲು ಹೇಳಿದರು. ಫೋಟೊ ಆಯಿತು. ಗುದ್ದಲಿಗಳು ತಿರುಗಿ ಬಂದವು.

ಕೆಲಸ ಹಂಚಿದವನು ರಾವಸಾಹೇಬ. ಹುಡುಗರು ಮತ್ತು ಊರವರು ಮೇಲಿನ ಕಡೆ ಲಂಟಾನ ಕೀಳಬೇಕು. ಕೇರಿಯವರು ಕೆಳಗಿನ ಅಂಚಿನಲ್ಲಿ ಚರಿ ತೋಡಬೇಕು. ಮೂರು ಅಡಿ ಅಗಲ, ನಾಲ್ಕು ಅಡಿ ಆಳ, ಈ ತುದಿಯಿಂದ ಆ ತುದಿಯ ತನಕ. ಅದು ಮುಗಿಯುವ ತನಕ ಕೇರಿಯವರು ಮೇಲೆ ಬರುವ ಹಾಗಿಲ್ಲ.

ಗರಸು ನೆಲ ಗುದ್ದಲಿಗೆ ಬಗ್ಗುವುದಿಲ್ಲ. ಹೊಡೆದರೆ ಕಿಡಿ ಹಾರುತ್ತದೆ, ಏಟು ತಿರುಗಿ ಹೆಗಲಿಗೆ ಬರುತ್ತದೆ. ಮೊದಲು ಹಾರೆ ಹಾಕಿ ಸಡಿಲಿಸಬೇಕು. ಆಮೇಲೆ ಗುದ್ದಲಿ. ಆಮೇಲೆ ಬುಟ್ಟಿ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಶೇವಂತಾಳ ಅಂಗೈಯಲ್ಲಿ ಗುಳ್ಳೆ ಎದ್ದವು. ಎರಡನೆಯ ದಿನ ಒಡೆದವು. ಮೂರನೆಯ ದಿನ ಗುದ್ದಲಿಯ ಕಾವು ಅಂಟಂಟಾಯಿತು. ಎಪ್ಪತ್ತು ದಾಟಿದ ಸುಂದ್ರವ್ವನೂ ಬಂದಿದ್ದಳು. ಸೊಟ್ಟಗೈಯಲ್ಲಿ ಬುಟ್ಟಿ ಎತ್ತಲಾಗದೆ ಮಣ್ಣನ್ನು ಸೆರಗಿನಲ್ಲಿ ತುಂಬಿ ಮೇಲೆ ಚೆಲ್ಲುತ್ತಿದ್ದಳು.

ನೀರು ಕೊಡಲು ಧರೆಪ್ಪ ಎಂಬ ರಾವಸಾಹೇಬನ ಆಳು ಇದ್ದ. ಹುಡುಗರಿಗೆ ಸ್ಟೀಲಿನ ಲೋಟ. ಕೇರಿಯವರಿಗೆ ಬೊಗಸೆ. ಅವನು ಕೊಡವನ್ನು ಎತ್ತರ ಹಿಡಿದು ಸುರಿಯುತ್ತಿದ್ದ. ಒಡೆದ ಗುಳ್ಳೆಯ ಮೇಲೆ ನೀರು ಬಿದ್ದಾಗ ಉರಿಯುತ್ತಿತ್ತು. ಅರ್ಧ ನೀರು ಮೊಣಕೈಯಿಂದ ಇಳಿದು ನೆಲಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಎಲ್ಲರಿಗೂ ಉಪ್ಪಿಟ್ಟು. ಹುಡುಗರು, ಊರವರು ಮೇಲಿನ ದೊಡ್ಡ ಬೇವಿನ ನೆರಳಿನಲ್ಲಿ. ಕೇರಿಯವರು ತಾವು ತೋಡಿದ ಚರಿಯ ದಂಡೆಯಲ್ಲಿ, ಬಿಸಿಲಿಗೆ.

ಎರಡನೆಯ ದಿನ ಒಬ್ಬ ಹುಡುಗಿ ಚರಿಯ ಹತ್ತಿರ ಬಂದಳು. ಜಿನಮತಿ ಎಂದು ಹೆಸರು. ಕಾಗವಾಡದ ಕಡೆಯ ಒಕ್ಕಲುತನದ ಮನೆಯವಳು. "ಅಕ್ಕಾ, ನಾನೂ ಒಂದೀಟು ಬುಟ್ಟಿ ಹೊರತೀನ್ರಿ" ಎಂದು ಒಳಗಿಳಿದೇಬಿಟ್ಟಳು. ಹೊರುವುದು ಗೊತ್ತಿತ್ತು ಅವಳಿಗೆ. ಶೇವಂತಾಳಿಗೆ ಹಿಡಿಸಿದಳು.

"ಈ ಚರಿ ಯಾತಕ್ಕವಾ?" ಎಂದು ಶೇವಂತಾ ಕೇಳಿದಳು.

"ದನಾ ಒಳಗ ಬರಬಾರ್ದಂತ ಅಂದಾರ್ರೀ ಸರ್."

ಶೇವಂತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ದನಾ ಇರೂದು ಊರಾಗ. ಬರೂದು ಮ್ಯಾಲಿನ ಹಾದಿಲೆ. ಅಲ್ಲಿ ಚರಿ ಇಲ್ಲ. ಇದು ನಮ್ಮ ಕೇರಿ ಕಡೆ. ನಮ್ಮ ಕೇರ್ಯಾಗ ಯಾರ ಮನಿ ಮುಂದ ದನಾ ಕಟ್ಟ್ಯಾವು?"

ಜಿನಮತಿ ಮೇಲಿನ ಕಡೆ ನೋಡಿದಳು, ಕೆಳಗಿನ ಕಡೆ ನೋಡಿದಳು. ಹಾರೆ ಹಾಕುತ್ತಿದ್ದ ಭರಮು ತಲೆ ಎತ್ತದೆಯೇ ಹೇಳಿದ: "ಸುಮ್ನ ಕೆಲಸ ಮಾಡು. ಹತ್ತ ದಿನದ ಮಾತು."

ಶೇವಂತಾ ಗುದ್ದಲಿ ಎತ್ತಿಕೊಂಡಳು. ಆದರೆ ಅಂದಿನಿಂದ ಗುದ್ದಲಿ ಎತ್ತಿದಾಗಲೆಲ್ಲ ಆ ಮಾತು ಅವಳ ತಲೆಯಲ್ಲಿ ಏಳುತ್ತಿತ್ತು.

ಆರನೆಯ ದಿನ ಹಳ್ಳಕ್ಕೆ ಕಲ್ಲಿನ ಒಡ್ಡು ಹಾಕುವ ಕೆಲಸ. ಮರುದಿನ ಬೆಳಗಾವಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅಷ್ಟರೊಳಗೆ ಒಡ್ಡು ಮುಗಿಯಬೇಕು, ಚರಿಯೂ ಮುಗಿಯಬೇಕು. "ಕೈಯಿಂದ ಕೈಗೆ ಕಲ್ಲು ಸಾಗಿಸೋಣ" ಎಂದರು ಮುರಗೆಪ್ಪ ಸರ್. "ಎಲ್ಲರೂ ಒಂದೇ ಸಾಲು. ದೊಡ್ಡವರು ಸಣ್ಣವರು ಅನ್ನೋದಿಲ್ಲ."

ಸಾಲು ನಿಂತಿತು. ಮೇಲಿನ ತುದಿಗೆ ಹುಡುಗರು, ನಡುವೆ ಊರವರು, ಹಳ್ಳದ ಕಡೆ ಕೇರಿಯವರು. ಊರವರಲ್ಲಿ ಕೊನೆಯವನು ಮಲಕಾರಿ. ಕೇರಿಯವರಲ್ಲಿ ಮೊದಲನೆಯವಳು ಶೇವಂತಾ. ಇಬ್ಬರ ನಡುವೆ ಒಂದು ಮಾರು ಜಾಗ ತಾನಾಗಿಯೇ ಬಿಟ್ಟುಹೋಯಿತು. ಹಾಗೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೇಲಿನಿಂದ ಕಲ್ಲು ಕೈಯಿಂದ ಕೈಗೆ ಬರುತ್ತಿತ್ತು. ಮಲಕಾರಿ ಅದನ್ನು ನೆಲಕ್ಕೆ ಹಾಕುತ್ತಿದ್ದ. ಶೇವಂತಾ ಬಾಗಿ ಎತ್ತಿಕೊಳ್ಳುತ್ತಿದ್ದಳು. ಸಾಲಿನಲ್ಲಿ ನೂರು ಜನ ನೆಟ್ಟಗೆ ನಿಂತೇ ಕಲ್ಲು ಕೊಟ್ಟರು, ತೆಗೆದುಕೊಂಡರು. ಬಾಗಿದವಳು ಅವಳೊಬ್ಬಳೇ. ಒಂದು ಕಲ್ಲಿಗೆ ಒಂದು ಸಲ. ಇನ್ನೂರು ಕಲ್ಲಿಗೆ ಇನ್ನೂರು ಸಲ. ಒಮ್ಮೆ ಕಲ್ಲು ಅವಳ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಯಿತು.

"ಕೈಯಾಗ ಕೊಡಪಾ ಮಲಕಾರಿ" ಎಂದಳು. "ನಡಾ ಮುರದು ಹ್ವಾದಂಗ ಆಗೇತಿ."

"ಹಂಗ ತಗೋ ಬೇ" ಎಂದ ಅವನು, ಬೇರೆ ಕಡೆ ನೋಡುತ್ತ.

ಜಿನಮತಿ ಇದನ್ನು ನೋಡಿ ಮೇಲಿನಿಂದ ಇಳಿದು ಬಂದು ಆ ಖಾಲಿ ಜಾಗದಲ್ಲಿ ನಿಂತಳು. ಮಲಕಾರಿ ಕೊಟ್ಟ ಒಂದು ಕಲ್ಲನ್ನು ಶೇವಂತಾಳ ಕೈಗೆ ಕೊಟ್ಟಳು. ಇನ್ನೊಂದು ಕೊಟ್ಟಳು. ಬೆರಳಿಗೆ ಬೆರಳು ತಾಕಿತು. ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ರಾವಸಾಹೇಬ ಕೂಗಿದ: "ಏ ತಂಗೀ, ನಿಂದಲ್ಲ ಅದು ಜಾಗಾ. ಮ್ಯಾಲ ಬಾ."

ಜಿನಮತಿ ಕದಲಲಿಲ್ಲ. ಆ ಹೊತ್ತಿಗೆ ಮೂರನೆಯ ಕಲ್ಲು ಅವಳ ಕೈಗೆ ಬಂದಿತ್ತು. ಅದನ್ನು ಶೇವಂತಾಳಿಗೆ ಕೊಟ್ಟಳು.

ಅರ್ಧ ಚಂದ್ರನ ಹಾಗೆ ಒಡೆದ ಕಲ್ಲು. ಒಂದು ಬದಿ ನುಣ್ಣಗೆ ಸವೆದಿತ್ತು. ಒಡೆದ ಅಂಚಿನಲ್ಲಿ ಗೂಟದ ತೂತಿನ ಅರ್ಧ ಗುಂಡಿ.

ಶೇವಂತಾ ಅದನ್ನು ಮುಂದೆ ಕೊಡಲಿಲ್ಲ.

ಹಿಂದೆ ಕಲ್ಲುಗಳು ಬಂದು ನಿಂತವು. ಸಾಲು ನಿಂತಿತು. "ಯಾಕ, ಏನಾತು? ಸಾಗಲಿ, ಸಾಗಲಿ!" ಎಂದು ಮೇಲಿನಿಂದ ಕೂಗು ಬಂತು. ಸಾಲಿನಲ್ಲಿ ಅವಳ ನಂತರ ನಿಂತಿದ್ದ ಭರಮು ಕೈ ಚಾಚಿದವನು ಕಲ್ಲು ನೋಡಿ ಕೈ ಹಿಂದೆ ತೆಗೆದುಕೊಂಡ. ಅವನಿಗೂ ಗುರುತು ಸಿಕ್ಕಿತು. ಅದರಲ್ಲಿ ಬೀಸಿದ ಜೋಳದ ರೊಟ್ಟಿ ತಿಂದೇ ಅವನು ದೊಡ್ಡವನಾಗಿದ್ದ.

"ಎಲ್ಲಿಂದ ತಂದ್ರಿ ಇದನ್ನ?" ಎಂದಳು ಶೇವಂತಾ. ದನಿ ಸಣ್ಣಗಿತ್ತು. ಅವಳು ಕಲ್ಲನ್ನು ಕೂಸಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು ಸಾಲಿನ ಉದ್ದಕ್ಕೂ ಮೇಲೆ ನಡೆದಳು. ಊರವರು ಮೈ ತಾಕೀತೆಂದು ಹಿಂದೆ ಸರಿದರು. ಅವಳು ನೋಡಲಿಲ್ಲ. ಹಿಂದೆ ಭರಮು, ಸುಂದ್ರವ್ವ, ಕೇರಿಯವರೆಲ್ಲ ಬಂದರು.

ಮೇಲೆ ಲಂಟಾನ ಕಿತ್ತು ನೆಲ ಹಸನು ಮಾಡಿದ್ದರು. ಪೂರಾ ಹಸನು. ಒಂದು ಗೋರಿಯ ಗುರುತೂ ಉಳಿದಿರಲಿಲ್ಲ. ತಲೆಗಲ್ಲುಗಳನ್ನೆಲ್ಲ ಕಿತ್ತು ಒಡ್ಡಿಗೆ ಕಳಿಸಿದ್ದರು. ಮಣ್ಣಿನ ದಿಬ್ಬಗಳನ್ನು ಸಲಿಕೆಯಿಂದ ಎಳೆದು ಸಮ ಮಾಡಿದ್ದರು. ಅಳತೆಯ ದಾರ ಕಟ್ಟಿ ಸಾಲಾಗಿ ಗುಂಡಿ ತೋಡಿದ್ದರು. ಅಧಿಕಾರಿಗಳು ಸಸಿ ನೆಡುವುದಕ್ಕೆ. ದಾರಕ್ಕೆ ಅಡ್ಡ ಬಂದ ಎಳೆಯ ಬೇವಿನ ಗಿಡವೊಂದನ್ನು ಬುಡಕ್ಕೆ ಕಡಿದು ಲಂಟಾನದ ರಾಶಿಗೆ ಎಸೆದಿದ್ದರು. ಬುಡದ ಪಕ್ಕದಲ್ಲೇ ಎರಡು ಮೊಳ ಆಳದ ಗುಂಡಿ.

ಶೇವಂತಾ ಆ ಗುಂಡಿಯ ಬಾಯಿಗೆ ಕೂತಳು. ಕೈ ಒಳಗೆ ಬಿಟ್ಟಳು. ತಳ ಸಿಕ್ಕಿತು. ಇನ್ನೊಂದು ಮೊಳ ತೋಡಿದ್ದರೆ ಗುದ್ದಲಿ ಮಗುವಿಗೆ ತಾಕುತ್ತಿತ್ತು.

ಒಬ್ಬ ಹುಡುಗ ಅಳುಮುಖ ಮಾಡಿಕೊಂಡು ಹೇಳಿದ: "ನಮಗ ಗೊತ್ತಿರಲಿಲ್ರಿ ಅಕ್ಕಾ. ಬರೇ ಕಲ್ಲಂತ ಅನ್ಕೊಂಡಿವಿ. ಇಲ್ಲಿ ಏನೂ ಇಲ್ಲಂತ ಹೇಳಿದ್ರು."

"ಯಾರು ಹೇಳಿದ್ರು?"

ಹುಡುಗ ರಾವಸಾಹೇಬನನ್ನು ನೋಡಿದ. ಅವನು ಕುರ್ಚಿಯಿಂದ ಎದ್ದು ಬಂದಿದ್ದ.

"ಏನ್ ಗದ್ದಲಾ ಇದು? ಲೇ ಭರ್ಮ್ಯಾ, ನಿನ್ನ ಹೆಣ್ತೀನ ಕರ್ಕೊಂಡು ಕೆಳಗ ಹೋಗು. ನಾಳಿ ಸಾಹೇಬ್ರು ಬರತಾರ."

ಭರಮು ಬಾಯಿ ತೆರೆಯಲಿಲ್ಲ. ಮೂವತ್ತು ವರ್ಷ ಆ ಮನುಷ್ಯನ ಮುಂದೆ "ಹೌದ್ರಿ" ಎಂದ ಬಾಯಿ ಅದು. ಆದರೆ ಕಾಲು ಕೀಳಲೂ ಇಲ್ಲ.

ಶೇವಂತಾ ಎದ್ದು ನಿಂತಳು. "ಇಲ್ಲಿ ನನ್ನ ಮಗಳದಾಳ. ನಿಮಗ ಗೊತ್ತೈತಿ. ಅಕಿನ್ನ ಹೂಳಾಕ ಹೊಂಟಾಗ ನಿಮ್ಮ ಹೊಲದ ಬದುವಿನ ಮ್ಯಾಲ ಹೋಗಬ್ಯಾಡ್ರಿ, ಸುತ್ತ ಹಾಕಿ ಹೋಗ್ರಿ ಅಂದವರು ನೀವ."

"ಸರ್ಕಾರದ ಜಾಗಾ ಇದು. ಎಲ್ಲಿ ಬೇಕಲ್ಲಿ ಹೂತು ನಂದು ಅಂದ್ರ ನಡೀತೈತೇನು?"

"ಚರಿ ನಮ್ಮ ಕಡೆ ಒಂದ ಯಾಕ ತೋಡಸೀರಿ?"

ಹಿಂದೆಯೇ ಬಂದಿದ್ದ ಜಿನಮತಿಯ ಕಣ್ಣು ದೊಡ್ಡ ಬೇವಿನ ಮರದ ಕಡೆ ಹೋಯಿತು. ಅಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಬಂದ ತಗಡಿನ ಫಲಕವೊಂದನ್ನು ಅಲ್ಲಿ ಒರಗಿಸಿಟ್ಟಿದ್ದರು. ಬಣ್ಣ ಇನ್ನೂ ಹಸಿ. ಶೇವಂತಾ ಅವಳ ಕಣ್ಣು ಹೋದತ್ತ ನೋಡಿದಳು.

"ನನಗ ಅಕ್ಷರ ಬರೂದಿಲ್ಲ. ಓದವಾ ಅದನ್ನ."

"ಜಿನಮತಿ, ಬೇಡ" ಎಂದರು ಮುರಗೆಪ್ಪ ಸರ್.

ಅವಳು ಓದಿದಳು. ಮೆಲ್ಲಗೆ, ಒಂದೊಂದೇ ಪದ. "ಸಂರಕ್ಷಿತ ವನ. ಇಲ್ಲಿ ಕಟ್ಟಿಗೆ ಆರಿಸುವುದು, ಹೆಣ ಹೂಳುವುದು, ಅಪ್ಪಣೆ ಇಲ್ಲದೆ ಒಳಗೆ ಬರುವುದು ಅಪರಾಧ. ವನ ರಕ್ಷಣಾ ಸಮಿತಿ, ಬೆಣಚಮಡ್ಡಿ."

ಸುಂದ್ರವ್ವ ನಕ್ಕಳು. ನಗು ಅಲ್ಲ ಅದು, ಕೆಮ್ಮಿನಂಥದು. "ಎಲ್ಲಾ ತಿಳೀತು. ನಾವು ಒಳಗ ಬರಬಾರ್ದಂತ ನಮ್ಮ ಕೈಲೇನ ತಗ್ಗು ತೋಡಸಾಕತ್ತಾರ. ಅದೂ ದಾನದಾಗ."

"ಅಜ್ಜೀ, ನಿಮಗ ಬ್ಯಾರೆ ಜಾಗಾ ತೋರಸ್ತೀವಿ" ಎಂದ ರಾವಸಾಹೇಬ, ಹುಡುಗರ ಮುಂದೆ ದನಿ ಇಳಿಸಿ. "ದೊಡ್ಡ ಮಂದಿ ನೋಡಾಕ ಬರೂ ಜಾಗಾ ಇದು. ಸುಡಗಾಡಂತ ಹೇಳಾಕ ಆಕೈತೇನು?"

"ದೊಡ್ಡ ಮಂದಿ ನೋಡೂವಂಗ ಇದನ್ನ ಉಳಿಸಿದವರು ಯಾರು?" ಶೇವಂತಾಳ ದನಿ ಈಗ ಸಣ್ಣಗಿರಲಿಲ್ಲ. "ನೀವು ಚಪ್ಪರಕ್ಕ ಜಾಲಿ ಕಡದವರು. ನಿಮ್ಮಪ್ಪ ಬೆಲ್ಲದ ಒಲಿಗೆ ಬೇವು ಕಡದಾಂವ. ನನ್ನ ಅತ್ತಿ ಕೈ ನೋಡ್ರಿ! ಅದು ನಿಮ್ಮ ಮನಿ ಕೊಡಲಿ ಕಾವಿನ ಗುರ್ತು. ಈಗ ನೀವು ರಕ್ಷಣಾ ಮಾಡಾವ್ರು, ನಾವು ಅಪರಾಧ ಮಾಡಾವ್ರು?"

ಮುರಗೆಪ್ಪ ಸರ್ ನಡುವೆ ಬಂದರು. ಕೈ ಮುಂದೆ ಚಾಚಿ ಸಮಾಧಾನ ಮಾಡುವವರ ಹಾಗೆ ನಿಂತರು. "ನೋಡಮ್ಮಾ, ನಿನ್ನ ದುಃಖ ನನಗೆ ಅರ್ಥ ಆಗುತ್ತದೆ. ಕಲ್ಲನ್ನು ಎಲ್ಲಿತ್ತೋ ಅಲ್ಲಿಯೇ ಇಡಿಸುತ್ತೇನೆ. ಆದರೆ ಕೆಲಸ ನಿಲ್ಲಿಸಬೇಡಿ. ಶ್ರಮದಾನ ಪವಿತ್ರವಾದದ್ದು."

"ಸರ್, ನೀವು ಓದಿದವರು. ಒಂದ ಮಾತ ಹೇಳ್ರಿ. ದಾನಾ ಅಂದ್ರ ಕೊಡಾವರು ಮನಸ್ಸಿಲೆ ಕೊಡೂದು ಹೌದಲ್ಲೊ?"

"ಹೌದು."

"ನಮಗ ಮನಸಿಲ್ಲ."

"ಅಂದರೆ?"

"ನಾವು ಕೊಡಾಂಗಿಲ್ಲ. ಕೊಟ್ಟಿದ್ದನ್ನ ತಿರುಗಿ ತಗೋತೀವಿ."

ಅವಳು ಬೀಸುಕಲ್ಲಿನ ತುಂಡನ್ನು ಅದರ ಜಾಗದಲ್ಲಿ ಇಟ್ಟಳು. ಗುಂಡಿಯನ್ನು ಎರಡೂ ಕೈಯಿಂದ ಮುಚ್ಚಿದಳು. ಆಮೇಲೆ ಗುದ್ದಲಿ ಎತ್ತಿಕೊಂಡು ಇಳಿದು ಚರಿಯ ದಂಡೆಗೆ ಹೋದಳು. ಆರು ದಿನದಿಂದ ಗುಡ್ಡೆ ಹಾಕಿದ್ದ ಮಣ್ಣಿಗೆ ಗುದ್ದಲಿ ಹಾಕಿ ಎಳೆದಳು. ಮಣ್ಣು ಚರಿಗೆ ಜಾರಿತು. ಇನ್ನೊಂದು ಸಲ ಎಳೆದಳು.

ಭರಮು ಸಲಿಕೆ ಹಿಡಿದು ನಿಂತಿದ್ದ. ರಾವಸಾಹೇಬ ಮೇಲಿನಿಂದ ಚೀರಿದ: "ಲೇ ಭರ್ಮ್ಯಾ, ಒಂದ ಬುಟ್ಟಿ ಮಣ್ಣ ಬಿತ್ತಂದ್ರ ನಾಳಿಂದ ನಿಮ್ಮ ಕೇರಿ ಮಂದಿ ನನ್ನ ಹೊಲದ ಬದುವೂ ತುಳೀಬಾರ್ದು, ತಿಳಕೋ!"

ಭರಮು ತಲೆ ಎತ್ತಿ ಅವನನ್ನು ನೋಡಿದ. "ಹೌದ್ರಿ" ಎಂದ. ಸಲಿಕೆ ತುಂಬಿ ಮಣ್ಣು ಚರಿಗೆ ಎಸೆದ.

ಆಮೇಲೆ ಯಾರನ್ನೂ ಯಾರೂ ಕರೆಯಬೇಕಾಗಲಿಲ್ಲ. ಸುಂದ್ರವ್ವ ದಂಡೆಯ ಮೇಲೆ ಕೂತು ಎರಡೂ ಕಾಲಿನಿಂದ ಮಣ್ಣು ತಳ್ಳಿದಳು. ಗಂಡಸರು ಸಲಿಕೆ ಹಿಡಿದರು. ಹೆಂಗಸರು ಬುಟ್ಟಿ ಹಿಡಿದರು. ಕೆಲವರು ಒಡ್ಡಿಗೆ ಹೋಗಿ ತಮ್ಮ ತಮ್ಮ ಸತ್ತವರ ಕಲ್ಲು ಹುಡುಕಿ ಕಿತ್ತು ತಂದರು. ಒಬ್ಬ ಮುದುಕ ತನ್ನ ತಮ್ಮನ ಕಲ್ಲು ಸಿಗದೆ ಒಡ್ಡಿನ ಮೇಲೆ ಕೂತು ಅತ್ತ. ಜಿನಮತಿ ಬಂದು ಬುಟ್ಟಿ ತುಂಬಿ ಮಣ್ಣು ಹಾಕಿದಳು. ಎರಡನೆಯ ಬುಟ್ಟಿ ಎತ್ತುವಷ್ಟರಲ್ಲಿ ಮುರಗೆಪ್ಪ ಸರ್ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಅಂದು ಮಧ್ಯಾಹ್ನದ ಬಸ್ಸಿಗೇ ಅವಳನ್ನು ಊರಿಗೆ ಕಳಿಸಿದರು. ಉಳಿದ ಸ್ವಯಂಸೇವಕರು ಬಿಳಿ ಟೋಪಿ ಹಾಕಿಕೊಂಡು ನೋಡುತ್ತ ನಿಂತರು.

ತೋಡಲು ಆರು ದಿನ ಹಿಡಿದದ್ದು ಮುಚ್ಚಲು ಅರ್ಧ ದಿನ ಸಾಕಾಯಿತು. ಹೊತ್ತು ಮುಳುಗುವ ಮುಂಚೆ ಚರಿ ಇದ್ದ ಜಾಗದ ಮೇಲೆ ನಡೆದು ಕೇರಿಯವರು ಮನೆಗೆ ಬಂದರು.

ಮರುದಿನ ಅಧಿಕಾರಿ ಬಂದರು. ಅವರನ್ನು ಬನಕ್ಕೆ ಕರೆದುಕೊಂಡು ಹೋಗಲಿಲ್ಲ. ಶಾಲೆಯ ಅಂಗಳದಲ್ಲೇ ಒಂದು ಸಸಿ ನೆಡಿಸಿ, ಹಾರ ಹಾಕಿ ಕಳಿಸಿದರು. ವಾರದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು: ಬೆಣಚಮಡ್ಡಿಯ ವನಕ್ಕೆ ಸ್ವಯಂಸೇವಕರಿಂದ ಮರುಜೀವ. ಜೊತೆಗೆ ಮೊದಲ ದಿನದ ಫೋಟೊ. ಅದರಲ್ಲಿ ಶೇವಂತಾಳ ಗುದ್ದಲಿ ಇತ್ತು. ಶೇವಂತಾ ಇರಲಿಲ್ಲ.

ಕೇರಿಗೆ ಕೆಲಸ ಬಂದ್ ಆಯಿತು. ಗಿರಣಿಯವನು ಹಿಟ್ಟು ಬೀಸಿಕೊಡಲಿಲ್ಲ. ಅಂಗಡಿಯವನು ಚಹಾಪುಡಿ ಕೊಡಲಿಲ್ಲ. ಊರ ಬಾವಿಯ ಹತ್ತಿರ ಮೊದಲೂ ಬಿಡುತ್ತಿರಲಿಲ್ಲ, ಈಗ ಬಾವಿಯ ಹಾದಿಯನ್ನೂ ಮುಚ್ಚಿದರು. ಬೆಳಕು ಹರಿಯುವ ಮುಂಚೆ ಎದ್ದು ಅಂಕಲಿಗೆ, ಯಡೂರಿಗೆ ಕಬ್ಬು ಕಡಿಯಲು ನಡೆದು ಹೋಗಬೇಕಾಯಿತು. ಹೋಗಿ ಬರುವುದರಲ್ಲೇ ಅರ್ಧ ದಿನ ಸಾಯುತ್ತಿತ್ತು. ಭರಮು ಊರಿಗೆ ಹಲಗೆ ಬಾರಿಸುವುದನ್ನು ಬಿಟ್ಟ. ಊರವರು ಬೇರೆ ಊರಿನಿಂದ ಒಬ್ಬನನ್ನು ಕರೆಸಿದರು. ಕೇರಿಯಲ್ಲೂ ಕೆಲವರು ಶೇವಂತಾಳನ್ನು ಬೈದರು. "ಸತ್ತವರ ಸಲುವಾಗಿ ಇದ್ದವರನ್ನ ಉಪಾಸ ಕೆಡವಿದಿ" ಎಂದಳು ಒಬ್ಬಳು. ಮಾತು ನಿಜವಾಗಿತ್ತು. ಆದರೂ ತಪ್ಪು ಮಾಡಿದೆ ಎಂದು ಅವಳಿಗೆ ಒಂದು ಸಲವೂ ಅನ್ನಿಸಲಿಲ್ಲ.

ಫೆಬ್ರವರಿಯ ಕೊನೆಗೆ ರಾವಸಾಹೇಬನ ಹೊಲದ ಕಬ್ಬು ಕಾರ್ಖಾನೆಗೆ ಹೋಯಿತು. ಒಂದು ಮಧ್ಯಾಹ್ನ ಅವನ ಆಳುಗಳು ರವದಿಗೆ ಬೆಂಕಿ ಹಚ್ಚಿದರು. ಗಾಳಿ ಇತ್ತು. ಬೆಂಕಿ ಬದು ದಾಟಿ ಬನಕ್ಕೆ ನುಗ್ಗಿತು. ಕಿತ್ತು ಒಣಗಲು ಬಿಟ್ಟಿದ್ದ ಲಂಟಾನದ ರಾಶಿಗಳಿಗೆ ಹತ್ತಿತು. ಸ್ವಯಂಸೇವಕರು ಅದನ್ನು ಹಾಗೆಯೇ ಬಿಟ್ಟು ಹೋಗಿದ್ದರು. ರಾಶಿಯಿಂದ ರಾಶಿಗೆ ಬೆಂಕಿ ಹಾರಿತು.

ಆಳುಗಳು ರಸ್ತೆಗೆ ಹೋಗಿ ನಿಂತರು. ಸಮಿತಿಯವರು ಯಾರೂ ಬರಲಿಲ್ಲ. ಅಂದು ಅಂಕಲಿಯಲ್ಲಿ ಕೆಲಸ ಸಿಗದೆ ಕೇರಿಯಲ್ಲಿ ಉಳಿದಿದ್ದವರು ಇಪ್ಪತ್ತೆರಡು ಮಂದಿ. ಹೊಗೆ ನೋಡಿ ಓಡಿದರು. ಹಸಿ ಬೇವಿನ ಟೊಂಗೆ ಮುರಿದು ಬಡಿದರು. ಟೊಂಗೆ ಸುಟ್ಟರೆ ಇನ್ನೊಂದು ಮುರಿದರು. ಕೊನೆಯ ರಾಶಿ ದೊಡ್ಡ ಬೇವಿನ ಬುಡಕ್ಕೆ ತಾಗಿಕೊಂಡಿತ್ತು. ಬಡಿಯಲು ಸಮಯ ಇರಲಿಲ್ಲ. ಶೇವಂತಾ ಉರಿಯುವ ಲಂಟಾನವನ್ನು ಎರಡೂ ಕೈಯಿಂದ ಹಿಡಿದು ಎಳೆದು ಆಚೆ ಹಾಕಿದಳು. ಮೂರು ಸಲ ಎಳೆದಳು. ಬೆಂಕಿ ಆರಿತು. ಹತ್ತು ಎಕರೆ ಕರಕಾಯಿತು, ಇಪ್ಪತ್ತು ಎಕರೆ ಉಳಿಯಿತು.

ಮರುದಿನ ಬೆಳಿಗ್ಗೆ ಧರೆಪ್ಪ ಕೇರಿಗೆ ಬಂದ. ಎರಡು ತಿಂಗಳಲ್ಲಿ ರಾವಸಾಹೇಬನ ಕಡೆಯವನೊಬ್ಬ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಶೇವಂತಾಳ ಮನೆಯ ಮುಂದೆ ಇಪ್ಪತ್ತು ಮಂದಿ ಕೂಡಿದ್ದರು. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಸುಂದ್ರವ್ವ ಅವಳ ಅಂಗೈಗೆ ಲೋಳೆಸರ ಹಚ್ಚುತ್ತಿದ್ದಳು.

"ರಾವಸಾಹೇಬ್ರು ಖುಷಿ ಆಗ್ಯಾರ" ಎಂದ ಧರೆಪ್ಪ. "ಬನಾ ಉಳಿಸೀರಿ ಅಂದ್ರು. ಕೇರ್ಯಾಗಿನವರು ಎಲ್ಲಾರೂ ನಾಳಿಂದ ಕೆಲಸಕ್ಕ ಬರ್ರಿ ಅಂದಾರ. ಒಂದ ಮಾತು. ಶೇವಂತಿ ಅವರ ಮನಿತನಕ ಬಂದು, ಕೈ ಮುಗದು, ತಪ್ಪಾತು ಅನಬೇಕು. ಅಷ್ಟ ಅಂದ್ರ ಮುಗೀತು."

ಎಲ್ಲರೂ ಶೇವಂತಾಳ ಕಡೆ ನೋಡಿದರು. ಬೈದವಳೂ ಅಲ್ಲಿದ್ದಳು. ಅವಳೂ ನೋಡಿದಳು.

ಶೇವಂತಾ ಎರಡೂ ಅಂಗೈ ಎತ್ತಿ ಅವನಿಗೆ ತೋರಿಸಿದಳು. ತೊಗಲು ಸುಲಿದು ಕೆಂಪಾಗಿ, ಅಂಚಿನಲ್ಲಿ ಕಪ್ಪಾಗಿದ್ದವು.

"ನೋಡಪಾ ಧರೆಪ್ಪಾ. ಇವು ಕೂಡೂದಿಲ್ಲ."

ಧರೆಪ್ಪ ಮುಖ ತಿರುಗಿಸಿದ. "ಆತವ್ವಾ, ಆರಾಮ ಆದಮ್ಯಾಲ ಬಾ. ಹಂಗಂತ ಹೇಳತೀನಿ."

"ಆರಾಮ ಆದಮ್ಯಾಲೂ ಕೂಡೂದಿಲ್ಲ. ಹಂಗಂತ ಹೇಳು." ಅವಳು ಕಟ್ಟೆಯಿಂದ ಇಳಿದಳು. "ಇನ್ನೊಂದು ಹೇಳು. ಬೆಂಕಿ ಯಾರ ಹೊಲದಿಂದ ಬಂತು, ನೋಡಕೋತ ರಸ್ತೆಕ್ಕ ಯಾರ್‍ಯಾರು ನಿಂತಿದ್ರು, ಅದನ್ನ ಬರಸಾಕ ಚಿಕ್ಕೋಡಿ ಕಚೇರಿಗೆ ಹೊಂಟೀವಂತ ಹೇಳು. ನಿನ್ನ ಹೆಸರೂ ಬರಸ್ತೀನಿ. ನೀನೂ ಅಲ್ಲೇ ಇದ್ದಿ."

ಬೈದವಳು ಎಲ್ಲರಿಗಿಂತ ಮೊದಲು ಎದ್ದು ಚಪ್ಪಲಿ ಮೆಟ್ಟಿದಳು.

ಚಿಕ್ಕೋಡಿಯ ಬಸ್ಸು ಕೇರಿಯ ಹತ್ತಿರ ನಿಲ್ಲುತ್ತಿರಲಿಲ್ಲ. ಊರ ಮುಂದೆ ನಿಂತು, ಕೇರಿಯವರು ಕೈ ಮಾಡಿದರೂ ಧೂಳೆಬ್ಬಿಸಿ ಹೋಗುತ್ತಿತ್ತು. ಅಂದು ಅವರು ಕೈ ಮಾಡಲಿಲ್ಲ. ಇಪ್ಪತ್ತೆರಡು ಮಂದಿ ರಸ್ತೆಯ ನಟ್ಟನಡುವೆ ಹೋಗಿ ನಿಂತರು. ಬಸ್ಸು ನಿಂತಿತು.